ಮರ್ಯಾದಸ್ಥ ಫಾಲ್ಟ್

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ ಎಂದು ತಿಪ್ಪೇಸ್ವಾಮಿಯವರನ್ನೇ ಕೇಳಿದೆ. ಅವರ ತೋಳಿಗೆ ಬಿಪಿ ಪಟ್ಟಿ ಸುತ್ತುತ್ತಿದ್ದೆ. ‘ಟ್ರಾನ್ಸ್‌ಫಾರ್ಮರ್‌ನಿಂದ ಶುರು ಮಾಡಿ ಡಾಕ್ಟ್ರೇ’ ಎಂದರು. ಟ್ರಾನ್ಸ್‌ಫಾರ್ಮರ್‌ನಿಂದ ಶುರುವಾಗುವ ಕಥೆಯನ್ನು ಕನ್ನಡದಲ್ಲಿ ಯಾರು ಓದುತ್ತಾರೆ? ನೀವು ಓದುತ್ತೀರಾ? (ಸುಳ್ಳು ಹೇಳಬೇಡಿ.)

ಆದ್ದರಿಂದ ನನ್ನಿಂದಲೇ ಶುರು ಮಾಡುತ್ತೇನೆ. ನಾನು ಪರ್ತ್‌ನ ಥಾರ್ನ್ಲಿಯಲ್ಲಿ ಡಾಕ್ಟರು. ಹಗಲೆಲ್ಲ ಗಂಟಲು, ಮೊಣಕಾಲು, ಸಕ್ಕರೆ ಕಾಯಿಲೆ ನೋಡುತ್ತೇನೆ. ಉಳಿದ ಹೊತ್ತಿನಲ್ಲಿ ಕಥೆ ಬರೆಯುತ್ತೇನೆ, ಬರೆದದ್ದನ್ನು ಹರಿಯುತ್ತೇನೆ. ತಿಪ್ಪೇಸ್ವಾಮಿ ನನ್ನ ಪೇಷಂಟ್. ಚಳ್ಳಕೆರೆ ಕಡೆಯವರು. ಪಿಲ್ಬರಾದ ಕಬ್ಬಿಣದ ಗಣಿಗಳಲ್ಲಿ ಬಹಳ ವರ್ಷ ಎಲೆಕ್ಟ್ರಿಕಲ್ ಎಂಜಿನಿಯರ್ ಆಗಿದ್ದು, ಕೆಂಪು ಧೂಳು ಸಾಕೆನಿಸಿ, ಈಗ ಕ್ಯಾನಿಂಗ್ ವೇಲ್‌ನಲ್ಲಿ ಒಂದು ಸಣ್ಣ ಕಂಪನಿಯ ವರ್ಕ್‌ಶಾಪ್ ನೋಡಿಕೊಳ್ಳುತ್ತಾರೆ. ಎಲೆಕ್ಟ್ರಿಕ್ ಕಾರುಗಳು ಚಾರ್ಜ್ ಆಗುವ ಜಾಗಗಳಲ್ಲಿ ಯಾವ ಕಾರಿಗೆ ಎಷ್ಟು ಕರೆಂಟ್ ಎಂದು ತೀರ್ಮಾನಿಸುವ ಪೆಟ್ಟಿಗೆಯನ್ನು ಆ ಕಂಪನಿ ಮಾಡುತ್ತದೆ. ಪೆಟ್ಟಿಗೆ ತಿಪ್ಪೇಸ್ವಾಮಿಯವರದು. ಪೆಟ್ಟಿಗೆಯ ಬುದ್ಧಿ, ಅಂದರೆ ಒಳಗಿನ ಪ್ರೋಗ್ರಾಂ, ಮಾತ್ರ ಅದೇ ಕಂಪನಿಯ ನಾಗವೇಣಿ ಎಂಬ ಹುಡುಗಿಯದು. ಅವಳು ಅದನ್ನು ಅಡಿಲೇಡ್‌ನ ಮಾಸನ್ ಲೇಕ್ಸ್‌ನಲ್ಲಿ ಕೂತು ಬರೆಯುತ್ತಾಳೆ.

‘ಬರೀರಿ ಡಾಕ್ಟ್ರೇ, ನಂದೇನೂ ಅಭ್ಯಂತರ ಇಲ್ಲ’ ಎಂದರು ತಿಪ್ಪೇಸ್ವಾಮಿ. ‘ಬಿಪಿ ಎಷ್ಟು ಅನ್ನೋದು ಮಾತ್ರ ಹಾಕ್ಬೇಡಿ.’

ಹಾಕುವುದಿಲ್ಲ. ಅವತ್ತಿನ ಕಥೆ ಹೇಳುತ್ತಿದ್ದಂತೆ ಅದು ಏರಿತು ಎಂದಷ್ಟೇ ಹೇಳುತ್ತೇನೆ.

೨

(ಬಿಟ್ಟುಬಿಟ್ಟ ಮೊದಲ ಕರಡು.)

ಕ್ವೀನ್ಸ್‌ಲ್ಯಾಂಡಿನ ಯಾವುದೋ ಬಾಯ್ಲರಿನ ಹೊಟ್ಟೆಯಲ್ಲಿ ಒಂದು ಎಲೆಕ್ಟ್ರಾನ್ ಕಣ್ಣು ಬಿಟ್ಟಿತು. ತಂತಿ ಹಿಡಿದು, ಬೆಟ್ಟ ಹತ್ತಿ, ಹೊಲ ದಾಟಿ ಬ್ರಿಸ್ಬೇನ್ ಎಂಬ ಮಹಾನಗರದತ್ತ ಓಡತೊಡಗಿತು...

ಇದನ್ನು ನಾಗವೇಣಿಗೆ ಕಳಿಸಿದೆ. ಅರ್ಧ ಗಂಟೆಯೊಳಗೆ ಫೋನ್ ಬಂತು.

‘ಮೇಡಂ, ಎಲೆಕ್ಟ್ರಾನ್ ಅಷ್ಟೆಲ್ಲಾ ಓಡಲ್ಲ.’

‘ಮತ್ತೆ?’

‘ಇದ್ದಲ್ಲೇ ಇರುತ್ತೆ. ಹಿಂದೆ ಮುಂದೆ ನಡುಗುತ್ತೆ ಅಷ್ಟೆ. ಪಕ್ಕದ್ದನ್ನ ನಡುಗಿಸುತ್ತೆ. ಅದು ಅದರ ಪಕ್ಕದ್ದನ್ನ.’

ನಾನು ಕರಡು ಹರಿದೆ. ಆದರೆ ಆ ಮಾತು ನನ್ನನ್ನು ಬಿಡಲಿಲ್ಲ. ಕೆದಕಿ ಕೆದಕಿ ಕೇಳಿದೆ. ಅವಳು ಹೇಳಿದ್ದು ಇಷ್ಟು. ಉತ್ತರದ ಕ್ವೀನ್ಸ್‌ಲ್ಯಾಂಡಿನಿಂದ ಹಿಡಿದು ಅಡಿಲೇಡ್‌ವರೆಗೆ, ಸಾವಿರಾರು ಕಿಲೋಮೀಟರ್ ಉದ್ದಕ್ಕೆ, ಕರೆಂಟಿನ ಜಾಲ ಒಂದೇ. ಅದಕ್ಕೆ ಸೇರಿದ ದೊಡ್ಡ ದೊಡ್ಡ ಯಂತ್ರಗಳೆಲ್ಲ ಒಂದೇ ತಾಳಕ್ಕೆ ತಿರುಗುತ್ತವೆ. ಬ್ರಿಸ್ಬೇನಿನಲ್ಲಿ ಯಾರೋ ಇಸ್ತ್ರಿಪೆಟ್ಟಿಗೆ ಹಾಕಿದರೆ ಆ ಇಡೀ ತಾಳ, ಯಾರಿಗೂ ಗೊತ್ತಾಗದಷ್ಟು, ಕೂದಲೆಳೆಯಷ್ಟು ತಗ್ಗುತ್ತದೆ. ಎಲ್ಲೋ ಒಂದು ಯಂತ್ರ ಅದನ್ನು ಅರಿತು ತುಸು ಹೆಚ್ಚು ದುಡಿಯುತ್ತದೆ. ಹೀಗೆ ಕ್ಷಣಕ್ಷಣವೂ. ಕೂಡಿಟ್ಟದ್ದು ಅಲ್ಪಸ್ವಲ್ಪ, ಉಳಿದದ್ದೆಲ್ಲ ಬೇಕೆಂದ ಕ್ಷಣದಲ್ಲೇ ಹುಟ್ಟಬೇಕು.

‘ನಮ್ಮ ಪರ್ತ್?’ ಎಂದೆ.

‘ನಿಮ್ಮದು ಮರುಭೂಮಿ ಆಚೆ. ನಿಮ್ಮ ತಾಳ ನಿಮಗೆ.’

ಫೋನ್ ಇಟ್ಟ ಮೇಲೆ ಅಡುಗೆಮನೆಯಲ್ಲಿ ಫ್ರಿಜ್ಜಿನ ಮುಂದೆ ನಿಂತುಬಿಟ್ಟೆ. ಅದು ಗುಂಯ್ ಅನ್ನುತ್ತಿತ್ತು. ಇಷ್ಟು ವರ್ಷ ಅದನ್ನು ಸದ್ದು ಎಂದುಕೊಂಡಿದ್ದೆ. (ಗಂಡ ಬಂದು ‘ಏನು ಹುಡುಕ್ತಾ ಇದೀಯ?’ ಎಂದರು. ‘ಏನಿಲ್ಲ’ ಎಂದೆ. ಇಂಥದ್ದನ್ನು ಮನೆಯಲ್ಲಿ ಹೇಳಿಕೊಳ್ಳಲಾಗದ್ದರಿಂದಲೇ ಜನ ಕಥೆ ಬರೆಯುವುದು.)

೩

ಈಗ ನಿಜವಾದ ಕಥೆ. ೨೦೧೯ರ ಬೇಸಿಗೆ, ಇಲ್ಲಿ ಬೇಸಿಗೆ ಎಂದರೆ ಫೆಬ್ರವರಿ. ಬ್ರಿಸ್ಬೇನಿನ ದಕ್ಷಿಣದ ಬಡಾವಣೆಯೊಂದರಲ್ಲಿ ಒಂದು ಶಾಪಿಂಗ್ ಸೆಂಟರ್. ಅದರ ನೆಲಮಾಳಿಗೆಯ ಪಾರ್ಕಿಂಗ್‌ನಲ್ಲಿ ಎಂಟು ಚಾರ್ಜರ್. ಆ ಮಧ್ಯಾಹ್ನ ಎಂಟಕ್ಕೂ ಎಂಟು ಕಾರು ತಗುಲಿಕೊಂಡಿದ್ದವು.

ಕಟ್ಟಡಕ್ಕೆ ಬರುವ ಕೇಬಲ್ ಒಂದೇ. ಎ.ಸಿ., ಮಾಂಸದಂಗಡಿಯ ಕೋಲ್ಡ್ ರೂಮು, ಲಿಫ್ಟು ಎಲ್ಲ ಉಂಡು ಉಳಿದದ್ದು ಕಾರುಗಳಿಗೆ. ಸೆಕೆ ಏರಿದಂತೆ ಎ.ಸಿ. ಹೆಚ್ಚು ಎಳೆಯುತ್ತದೆ, ಕಾರುಗಳ ಪಾಲು ಕರಗುತ್ತದೆ. ಪೆಟ್ಟಿಗೆ ಇಲ್ಲದಿದ್ದರೆ ಎಲ್ಲ ಒಟ್ಟಿಗೆ ಎಳೆದು ಮೇನ್ ಸ್ವಿಚ್ ಬೀಳುತ್ತದೆ, ಲಿಫ್ಟಿನಲ್ಲಿದ್ದವರು ಲಿಫ್ಟಿನಲ್ಲೇ.

ತಿಪ್ಪೇಸ್ವಾಮಿ ನನಗೆ ಹೇಳಿಕೊಟ್ಟದ್ದು ಹೀಗೆ: ‘ಮಠದಲ್ಲಿ ಪಂಕ್ತಿ ನೋಡಿದೀರಲ್ಲ ಡಾಕ್ಟ್ರೇ? ಪಾಯಸದ ಬಕೆಟ್ ಹಿಡ್ಕೊಂಡೋನು ಮೊದಲನೇ ಎಲೆಗೇ ಸುರಿದ್ಬಿಟ್ರೆ ಕೊನೇ ಎಲೆಗೆ ಏನು ಬಡಿಸ್ತಾನೆ? ನಾಗವೇಣಿ ಬರೆದಿರೋದು ಆ ಬಡಿಸೋ ಕೈನ.’

ಆ ಕೈಗೆ ಭೇದಭಾವ ಗೊತ್ತಿಲ್ಲ. ಇದ್ದದ್ದನ್ನು ಎಲ್ಲರಿಗೂ ಸಮನಾಗಿ ಹಂಚುತ್ತದೆ. ಪಾಲು ತೀರ ಚಿಕ್ಕದಾದರೆ ಕಾರುಗಳೇ ಬೇಡವೆನ್ನುತ್ತವೆ, ಆಗ ಸರದಿ. ಎರಡು ಮೂರು ಕಾರಿಗೆ ಒಂದಿಷ್ಟು ಹೊತ್ತು, ಆಮೇಲೆ ಬೇರೆಯವಕ್ಕೆ. ನಾಗವೇಣಿಗೆ ಅದರ ಬಗ್ಗೆ ಹೆಮ್ಮೆ ಇತ್ತು. ‘ಯಾರಿಗೂ ಮೋಸ ಆಗಲ್ಲ ಮೇಡಂ’ ಎಂದಿದ್ದಳು.

ಅವತ್ತು ಸರದಿ ನಡೆಯುತ್ತಿತ್ತು.

೪

ಆ ಎಂಟು ಕಾರುಗಳಲ್ಲಿ ಒಂದು ನಮಿತಾಳದು. ಕಾರ್ಕಳದ ಹುಡುಗಿ, ನರ್ಸ್. ಇನ್ನು ವಾಸಿಯಾಗದ ರೋಗಿಗಳ ಮನೆಗೇ ಹೋಗಿ, ಕೊನೆಯ ದಿನಗಳಲ್ಲಿ ನೋವು ಬಾರದಂತೆ ನೋಡಿಕೊಳ್ಳುವುದು ಅವಳ ಕೆಲಸ. ಕಾರು ಅವಳ ಸಂಸ್ಥೆ ಕೊಟ್ಟದ್ದು. ಹಳೆಯ ಬ್ಯಾಟರಿ, ಹೆಚ್ಚು ದೂರ ಹೋಗದು.

(ನಮಿತಾಳನ್ನು ನಾಗವೇಣಿಯ ತಂಗಿ ಮಾಡಿ ಒಂದು ಕರಡು ಬರೆದಿದ್ದೆ. ಕಣ್ಣೀರು ಚೆನ್ನಾಗಿ ಬರುತ್ತಿತ್ತು. ಆದರೆ ಆ ದಿನದವರೆಗೆ ಅವರಿಬ್ಬರೂ ಒಬ್ಬರ ಹೆಸರನ್ನು ಒಬ್ಬರು ಕೇಳಿರಲಿಲ್ಲ. ಹಾಗೆಯೇ ಇರಲಿ.)

ನಗರದಾಚೆ, ಬೋಡೆಸರ್ಟ್ ಕಡೆಯ ಒಂದು ಹಟ್ಟಿಮನೆಯಲ್ಲಿ ಡೋರೀನ್ ಎಂಬ ಮುದುಕಿ ಮಲಗಿದ್ದಳು. ಬದುಕಿಡೀ ಹಸು ಸಾಕಿದವಳು. ಆಸ್ಪತ್ರೆಯಲ್ಲಿ ಸಾಯುವುದಿಲ್ಲ ಎಂದು ಹಟ ಹಿಡಿದಿದ್ದಳು. ಚರ್ಮದಡಿಯಲ್ಲಿ ಸಣ್ಣ ಸೂಜಿ, ಅದಕ್ಕೊಂದು ಪಂಪು, ಪಂಪಿನಿಂದ ಹನಿಹನಿಯಾಗಿ ನೋವಿನ ಮದ್ದು. ಆ ಮಧ್ಯಾಹ್ನ ಡೋರೀನಳ ಮಗಳು ಫೋನ್ ಮಾಡಿದಳು. ಪಂಪು ತೊಂದರೆ ಕೊಡುತ್ತಿದೆ, ಮದ್ದು ಲೆಕ್ಕಕ್ಕಿಂತ ಬೇಗ ತೀರುತ್ತಿದೆ.

ಹೊಸ ಪಂಪು, ಮದ್ದು ಎರಡೂ ನಮಿತಾಳ ಚೀಲದಲ್ಲಿದ್ದವು. ಕಾರಿನಲ್ಲಿ ಮಾತ್ರ ಅಷ್ಟು ದೂರಕ್ಕೆ ಸಾಕಾಗುವಷ್ಟು ಚಾರ್ಜ್ ಇರಲಿಲ್ಲ. ಊಟ ಮುಗಿಯುವ ಹೊತ್ತಿಗೆ ತುಂಬಿಕೊಳ್ಳುತ್ತದೆ ಎಂದು ಸಿಕ್ಕಿಸಿದ್ದಳು. ನೋಡಿದರೆ ಸರದಿಯಲ್ಲಿ ಹನಿಹನಿ ಬರುತ್ತಿದೆ. ಈ ಲೆಕ್ಕದಲ್ಲಿ ಸಂಜೆಯಾಗುತ್ತದೆ.

ಟ್ಯಾಕ್ಸಿ ಮಾಡಬಹುದಿತ್ತಲ್ಲ ಎನ್ನುತ್ತೀರಿ. ನಾನೂ ನಾಗವೇಣಿಯಿಂದ ನಂಬರ್ ಪಡೆದು ನಮಿತಾಳನ್ನೇ ಕೇಳಿದೆ.

‘ಮೂವರಲ್ಲಿ ಕೇಳಿದೆ ಮಾರಾಯ್ರೆ. ಅಷ್ಟು ದೂರ, ಅಲ್ಲಿಂದ ಖಾಲಿ ಬರ್ಬೇಕು ಅಂತ ಯಾರೂ ಒಪ್ಲಿಲ್ಲ. ನಮ್ಮ ಆಫೀಸಿನ ಇನ್ನೊಬ್ಬಳು ಊರಿನ ಆಚೆ ತುದಿಯಲ್ಲಿ ಇದ್ಲು. ಆ್ಯಂಬುಲೆನ್ಸಿಗೆ ಹೇಳಿದ್ವಿ, ಸೆಕೆಗೆ ಬಿದ್ದವರ ಸಾಲೇ ದೊಡ್ಡದುಂಟು, ಕಾಯ್ಬೇಕು ಅಂದ್ರು.’

ಅವಳು ನೆಲಮಾಳಿಗೆಯಲ್ಲಿ ಕಾರಿಗೆ ಒರಗಿ ನಿಂತು ಆಫೀಸಿನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. ಸಿಗ್ನಲ್ ಸರಿಯಿರಲಿಲ್ಲ, ಹಾಗಾಗಿ ಕೂಗಬೇಕಿತ್ತು. ಕಾಂಕ್ರೀಟು ಅವಳ ಮಾತನ್ನು ಎತ್ತಿ ಎತ್ತಿ ಹೇಳುತ್ತಿತ್ತು. ‘ಪೇನ್’ ಎಂಬುದು ಅಲ್ಲಿದ್ದವರಿಗೆ ಮೂರು ಸಲ ಕೇಳಿತಂತೆ.

೫

ಅದೇ ಹೊತ್ತಿಗೆ ಮಾಸನ್ ಲೇಕ್ಸ್‌ನಲ್ಲಿ ನಾಗವೇಣಿಯ ಮುಂದಿನ ಪರದೆಯಲ್ಲಿ ಎಂಟು ಗೆರೆಗಳಿದ್ದವು, ಎಂಟು ಕಾರುಗಳವು. ಅವುಗಳಲ್ಲಿ ಒಂದು ಇದ್ದಕ್ಕಿದ್ದಂತೆ ಇಲ್ಲವಾಯಿತು. ಯಾರೋ ಹೊರಟರು ಎಂದುಕೊಂಡಳು. ಸ್ವಲ್ಪ ಹೊತ್ತಿಗೆ ಇನ್ನೊಂದು. ಆಮೇಲೆ ಮತ್ತೊಂದು.

ಅವಳು ಕುರ್ಚಿ ಮುಂದಕ್ಕೆ ಎಳೆದುಕೊಂಡಳು. ಅದರ ಹಿಂದಿನ ವರ್ಷ ಅಡಿಲೇಡ್‌ನಲ್ಲಿ ಪರೀಕ್ಷೆಗೆಂದು ಹಾಕಿದ ಪೆಟ್ಟಿಗೆಯಲ್ಲಿ ಹೀಗೇ ಆಗಿತ್ತು. ಅವಳೇ ಬರೆದ ಪ್ರೋಗ್ರಾಂ ಒಳಗಿನ ತಪ್ಪಿನಿಂದ ಕಾರುಗಳು ಒಂದೊಂದಾಗಿ ಕಳಚಿ, ಕೊನೆಗೆ ಎಲ್ಲವೂ ಒಮ್ಮೆಗೇ ಎದ್ದು ಕರೆಂಟ್ ಎಳೆದು ಮೇನ್ ಸ್ವಿಚ್ ಸುಟ್ಟಿತ್ತು. ಅಂದಿನಿಂದ ನಿಯಮ: ಅನುಮಾನ ಬಂದರೆ ಆ ಜಾಗದ ಚಾರ್ಜಿಂಗ್ ಪೂರ್ತಿ ನಿಲ್ಲಿಸು. ಒಂದು ಕೆಂಪು ಗುಂಡಿ. ಒತ್ತಿದರೆ ಮತ್ತೆ ಶುರು ಮಾಡಲು ಎಲೆಕ್ಟ್ರಿಷಿಯನ್ ಅಲ್ಲಿಗೇ ಹೋಗಬೇಕು.

ನಾಲ್ಕನೆಯ ಗೆರೆಯೂ ಹೋಯಿತು. ಅವಳು ಗುಂಡಿಯ ಮೇಲೆ ಮೌಸ್ ತಂದು ನಿಲ್ಲಿಸಿದಳು.

೫, ಮತ್ತೊಮ್ಮೆ

(ಇಲ್ಲಿ ನಾನು ಅವಳಿಂದ ಗುಂಡಿ ಒತ್ತಿಸಿದ್ದೆ. ಕಥೆಗೆ ಒಂದು ದುರಂತ ಬೇಕು ಎಂದು ನನ್ನೊಳಗಿನ ಹಳೆಯ ಕಥೆಗಾರ್ತಿ ಹೇಳಿದಳು. ನಮಿತಾಳ ಕಾರು ಸತ್ತುಹೋಗುತ್ತದೆ, ಡೋರೀನ್ ಹಲ್ಲು ಕಚ್ಚಿ ನರಳುತ್ತಾಳೆ, ನಾಗವೇಣಿ ಪಶ್ಚಾತ್ತಾಪದಲ್ಲಿ ಬೇಯುತ್ತಾಳೆ. ಮೂರು ಪುಟ. ಒಳ್ಳೆಯ ಪುಟಗಳು.)

‘ಮೇಡಂ, ನಾನು ಒತ್ತಲೇ ಇಲ್ಲ!’ ನಾಗವೇಣಿಯ ದನಿ ಏರಿತ್ತು.

‘ಕಥೆ ಕಣಮ್ಮ. ನಿನ್ನ ಹೆಸರು ಬದಲಾಯಿಸ್ತೀನಿ ಬೇಕಾದ್ರೆ.’

‘ಹೆಸರು ಏನಾದ್ರೂ ಮಾಡ್ಕೊಳ್ಳಿ. ಆದ್ರೆ ಒತ್ತಲಿಲ್ಲ. ಒತ್ತಿದ್ದಿದ್ರೆ ಆಮೇಲೆ ಆಗಿದ್ದು ಆಗ್ತಿತ್ತಾ? ಅದನ್ನ ಬಿಟ್ಟು ನೀವು ದುರಂತ ಬರೀತೀರಾ? ಇದಕ್ಕಿಂತ ದೊಡ್ಡದು ನಿಮಗೆ ಎಲ್ಲಿ ಸಿಗುತ್ತೆ?’

ಮೂರು ಪುಟ ಹರಿದೆ.

೬

ಅವಳು ಮಾಡಿದ್ದು ಇದು. ಒಂದು ಕೈ ಮೌಸ್ ಮೇಲಿಟ್ಟುಕೊಂಡೇ ಕ್ಯಾನಿಂಗ್ ವೇಲ್‌ಗೆ ಫೋನ್ ಮಾಡಿದಳು.

‘ಸರ್, ಬ್ರಿಸ್ಬೇನ್ ಸೈಟ್ ಡ್ರಾಪ್ ಆಗ್ತಾ ಇದೆ. ಅಡಿಲೇಡ್ ಥರಾನೇ. ಗುಂಡಿ ಒತ್ತಿ ಟ್ರಿಪ್ ಮಾಡ್ಬಿಡ್ಲಾ?’

ತಿಪ್ಪೇಸ್ವಾಮಿ ವರ್ಕ್‌ಶಾಪಿನಲ್ಲಿ ಮೊಸರನ್ನದ ಡಬ್ಬಿ ತೆಗೆದಿದ್ದರು. ಮುಚ್ಚಿಟ್ಟು ತಮ್ಮ ಕಂಪ್ಯೂಟರಿನಲ್ಲಿ ಅದೇ ಗೆರೆಗಳನ್ನು ತೆರೆದರು.

‘ಕಾರಿನ ಗೆರೆ ಬಿಡಮ್ಮ. ಕಟ್ಟಡದ ಒಟ್ಟು ಲೋಡ್ ನೋಡು. ಹಾರಾಡ್ತಾ ಇದೆಯಾ?’

‘ಇಲ್ಲ ಸರ್. ಮೆಲ್ಲಗೆ ಇಳೀತಾ ಇದೆ ಅಷ್ಟೆ.’

‘ಅಡಿಲೇಡ್‌ನಲ್ಲಿ?’

‘ಹುಚ್ಚಾಪಟ್ಟೆ ಕುಣೀತಿತ್ತು.’

ಐದನೆಯದು ಹೋಯಿತು. ಇಬ್ಬರೂ ಪರದೆ ನೋಡುತ್ತಿದ್ದರು, ಒಬ್ಬರು ಒಂದು ಸಮುದ್ರದ ಬಳಿ, ಇನ್ನೊಬ್ಬರು ಇನ್ನೊಂದರ ಬಳಿ.

‘ನಾಗವೇಣಿ, ಗ್ಯಾಪ್ ನೋಡಿದ್ಯಾ?’ ಎಂದರು ತಿಪ್ಪೇಸ್ವಾಮಿ. ‘ಒಂದು ಹೋಗುತ್ತೆ, ಸ್ವಲ್ಪ ಬಿಡುತ್ತೆ, ಇನ್ನೊಂದು ಹೋಗುತ್ತೆ. ನಾನು ಗಣೀಲಿ ಎಷ್ಟೋ ಫಾಲ್ಟ್ ನೋಡಿದೀನಮ್ಮ. ಫಾಲ್ಟು ಇಷ್ಟು ಮರ್ಯಾದಸ್ಥ ಆಗಿರಲ್ಲ.’

‘ಮತ್ತೆ ಇದೇನು ಸರ್?’

‘ಗೊತ್ತಿಲ್ಲ. ಒತ್ತಬೇಡ. ಒಂದ್ನಿಮಿಷ ಇರು.’

ಆರನೆಯದು ಹೋಯಿತು. ಏಳನೆಯದೂ ಹೋಯಿತು. ಒಂದೇ ಒಂದು ಗೆರೆ ಉಳಿಯಿತು.

ಆಗ ನಾಗವೇಣಿಯ ಮೇಜಿನ ಇನ್ನೊಂದು ಫೋನ್ ಹೊಡೆದುಕೊಂಡಿತು. ಚಾರ್ಜರಿನ ಮೇಲೆ ಅಂಟಿಸಿದ ಸಹಾಯವಾಣಿ ನಂಬರ್ ಅದು; ಸಾಮಾನ್ಯವಾಗಿ ಬೈಯುವುದಕ್ಕೇ ಜನ ಬಳಸುವುದು. ಎತ್ತಿದರೆ ವಯಸ್ಸಾದ ಗಂಡಸಿನ ದನಿ, ಹಿಂದೆ ನಾಯಿ ಬೊಗಳುವ ಸದ್ದು. ಅವನು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾಗವೇಣಿ ನನಗೆ ಕನ್ನಡದಲ್ಲಿ ಹೇಳಿದಳು.

‘ನೋಡಮ್ಮ, ಇಲ್ಲಿ ಒಬ್ಬಳು ನರ್ಸ್ ಇದ್ದಾಳೆ. ಅರ್ಜೆಂಟಾಗಿ ಹೋಗಬೇಕು. ನಾವೆಲ್ಲ ಪ್ಲಗ್ ಕಿತ್ತಿದ್ದೇವೆ. ಆದರೂ ನಿನ್ನ ಮೆಷಿನ್ನು ಅವಳಿಗೆ ಚೂರುಚೂರೇ ಕೊಡುತ್ತಿದೆ. ಎಲ್ಲಾ ಅವಳಿಗೇ ಕೊಡೋಕೆ ಆಗುತ್ತಾ?’

ಆಗುತ್ತಿರಲಿಲ್ಲ. ನಾಗವೇಣಿ ಬರೆದ ಬಡಿಸುವ ಕೈ, ಎದ್ದುಹೋದವರ ಪಾಲನ್ನು ತುಸು ಹೊತ್ತು ತೆಗೆದಿಟ್ಟು ಕಾಯುತ್ತದೆ. ಮರಳಿ ಬಂದರೆ ಅವರಿಗೆ ಅನ್ಯಾಯವಾಗಬಾರದಲ್ಲ. ತಮ್ಮ ಪಾಲನ್ನು ತಾವೇ ಬಿಟ್ಟುಕೊಡುವವರು ಇರಬಹುದು ಎಂಬುದು ಆ ಸಾವಿರಾರು ಸಾಲುಗಳಲ್ಲಿ ಎಲ್ಲೂ ಇರಲಿಲ್ಲ. ಅವಳಿಗೆ ಅದು ಹೊಳೆದೇ ಇರಲಿಲ್ಲ.

‘ಸರ್’ ಎಂದಳು ಮೊದಲ ಫೋನಿಗೆ. ‘ಫಾಲ್ಟ್ ಅಲ್ಲ. ಜನ.’

ಅವಳು ಕೈಯಾರೆ ಎಂಟು ಪಾಲನ್ನೂ ಒಂದಕ್ಕೆ ಬಿಟ್ಟಳು. ಉಳಿದಿದ್ದ ಗೆರೆ ಎದ್ದು ಮೇಲೆ ಹೋಗಿ ನೆಟ್ಟಗೆ ನಿಂತಿತು. ‘ಆ ಗೆರೆ ನಾನೇ ಎಷ್ಟೋ ಸಾವಿರ ಸಲ ನೋಡಿದೀನಿ ಮೇಡಂ’ ಎಂದಳು. ‘ಅವತ್ತು ಮಾತ್ರ ಎದ್ದು ನಿಂತ್ಬಿಟ್ಟೆ. ಆಫೀಸಲ್ಲಿ ಎಲ್ಲಾ ನನ್ನೇ ನೋಡ್ತಾ ಇದ್ರು.’

೭

ನೆಲಮಾಳಿಗೆಯಲ್ಲಿ ನಡೆದದ್ದನ್ನು ನಮಿತಾಳ ಬಾಯಿಂದಲೇ ಕೇಳಿ.

‘ಮೊದಲು ಕಿತ್ತದ್ದು ಆ ನಾಯಿ ಅಜ್ಜ. ಬರುವಾಗ ನನ್ನ ಹತ್ರ ಜಗಳ ಮಾಡಿದ್ದ, ಅವನು ಕಾಯ್ತಾ ಇದ್ದ ಜಾಗಕ್ಕೆ ನಾನು ನುಗ್ಗಿದೆ ಅಂತ. ನಿಜ, ನುಗ್ಗಿದ್ದೆ. ಈಗ ಸೀದಾ ನನ್ನ ಕಡೆ ಬಂದ. ನಾನು ಮತ್ತೆ ಬೈತಾನೆ ಅಂದ್ಕೊಂಡೆ. ಅವನು ನನ್ನ ಮುಖ ಸಹ ನೋಡ್ಲಿಲ್ಲ. ಅವನ ಕಾರಿಂದ ಪ್ಲಗ್ ಎಳೆದು ಕೇಬಲ್ ಸುತ್ತಿಟ್ಟ. ಆಮೇಲೆ ಪಕ್ಕದ ಕಾರಿನ ಹೆಂಗಸಿಗೆ ಏನೋ ಹೇಳಿದ. ಅವಳೂ ಎಳೆದ್ಲು. ಅವಳ ಹಿಂದಿನ ಸೀಟಲ್ಲಿ ಮಕ್ಕಳು, ಐಸ್‌ಕ್ರೀಮ್ ಕರಗಿ ಕೈಯೆಲ್ಲ ಸುರೀತಾ ಉಂಟು. ಅಂಗಡಿಗೆ ಹೋದವರನ್ನು ಅವನೇ ಮೇಲೆ ಹೋಗಿ ಹುಡುಕಿಕೊಂಡು ಬಂದ. ನಾನು ಯಾರಲ್ಲೂ ಕೇಳಲಿಲ್ಲ ಮಾರಾಯ್ರೆ. ಒಬ್ಬರಲ್ಲೂ ಕೇಳಲಿಲ್ಲ.’

ಏಳು ಜನರೂ ಅಲ್ಲೇ ನಿಂತರು. ಸೆಕೆ ಕುದಿಯುತ್ತಿತ್ತು. ಒಬ್ಬನಿಗೆ ಟುವೂಂಬಾವರೆಗೆ ಹೋಗಬೇಕಿತ್ತು. ಅವನ ಕಾರು ಆ ದಿನ ಅಲ್ಲಿಗೆ ಮುಟ್ಟುವಂತಿರಲಿಲ್ಲ. ಯಾರೂ ಭಾಷಣ ಮಾಡಲಿಲ್ಲ. ಕ್ರಿಕೆಟ್ ಮಾತಾಡಿದರು. ಚಾರ್ಜ್ ಸಾಕಾಯಿತು ಎಂದಾಗ ಅಜ್ಜ ತಾನೇ ಅವಳ ಪ್ಲಗ್ ತೆಗೆದು, ಕಾರಿನ ಚಾವಣಿಯನ್ನು ಎರಡು ಸಲ ತಟ್ಟಿ, ‘ಹೊರಡು’ ಎಂದ.

೮

ಇನ್ನು ಅಂತ್ಯ. ಓದುಗರೇ, ನನ್ನ ಹತ್ತಿರ ಹಲವು ಇವೆ.

(ಅ) ನಮಿತಾ ಬಾಗಿಲು ತೆರೆಯುತ್ತಾಳೆ. ಕಿಟಕಿಯಿಂದ ಚಿನ್ನದಂಥ ಬಿಸಿಲು. ಡೋರೀನ್ ಮುಗುಳ್ನಕ್ಕು ಕಣ್ಣು ಮುಚ್ಚುತ್ತಾಳೆ. ನಮಿತಾ ಇದನ್ನು ಓದಿ, ‘ಹಾಗೆಲ್ಲ ಯಾರೂ ಸಾಯುವುದಿಲ್ಲ’ ಎಂದಳು. ನಡೆದದ್ದು ಬೇರೆ. ಪಂಪು ಕೀರಲು ದನಿಯಲ್ಲಿ ಕೂಗುತ್ತಿತ್ತು, ಮಗಳು ಗೇಟಿನಲ್ಲೇ ನಿಂತಿದ್ದಳು, ಡೋರೀನಳಿಗೆ ನೋವು ಆಗಲೇ ತಲೆಯೆತ್ತುತ್ತಿತ್ತು. ನಮಿತಾ ಪಂಪು ಬದಲಿಸಿದಳು. ಸ್ವಲ್ಪ ಹೊತ್ತಿಗೆ ಮುದುಕಿಯ ಹಣೆಯ ಗಂಟು ಬಿಚ್ಚಿತು.

‘ಯಾಕೆ ಹೀಗೆ ಬೆವತಿದ್ದೀಯ?’ ಎಂದು ಕೇಳಿದಳು.

ನಮಿತಾ ಹೇಳಿದಳು. ಡೋರೀನ್ ಮತ್ತೊಮ್ಮೆ ಹೇಳಿಸಿದಳು. ಐಸ್‌ಕ್ರೀಮಿನ ಮಕ್ಕಳ ಬಗ್ಗೆ ಇನ್ನೊಂದು ಸಲ. ಆಮೇಲೆ, ‘ಅವರಿಗೆ ನನ್ನ ಹೆಸರೂ ಗೊತ್ತಿಲ್ಲವಲ್ಲ’ ಎಂದಳು. ಮುಂದಿನ ವಾರ ಅದೇ ಮನೆಯಲ್ಲಿ, ಅದೇ ಮಂಚದಲ್ಲಿ ತೀರಿಕೊಂಡಳು. ನೋವು ಹೆಚ್ಚಿರಲಿಲ್ಲ ಎಂದು ನಮಿತಾ ಹೇಳುತ್ತಾಳೆ. ಇಂಥ ವಿಷಯದಲ್ಲಿ ಅವಳು ಸುಳ್ಳು ಹೇಳುವವಳಲ್ಲ.

(ಆ) ನಮಿತಾ ಆ ಏಳು ಜನರನ್ನೂ ಹುಡುಕಿ, ಪಾರ್ಕಿನಲ್ಲಿ ಬಾರ್ಬೆಕ್ಯೂ ಇಟ್ಟು, ನೀರುದೋಸೆ ಹುಯ್ದು ಬಡಿಸುತ್ತಾಳೆ. ಈ ಅಂತ್ಯ ನನಗೆ ಬಹಳ ಇಷ್ಟ. ಆದರೆ ಅವಳಿಗೆ ಅವರಲ್ಲಿ ಒಬ್ಬರೂ ಮತ್ತೆ ಸಿಗಲಿಲ್ಲ.

(ಇ) ಕಂಪನಿ ನಾಗವೇಣಿಗೆ ಹೇಳಿತು: ಚಾರ್ಜರಿನಲ್ಲಿ ಒಂದು ಗುಂಡಿ ಇಡು, ‘ನನ್ನ ಸರದಿ ಬಿಟ್ಟುಕೊಡುತ್ತೇನೆ’ ಅಂತ. ಒಳ್ಳೆಯ ಅಂತ್ಯ, ಅಲ್ಲವೇ? ಕಲಿತದ್ದನ್ನು ಯಂತ್ರಕ್ಕೂ ಕಲಿಸಿದಂತೆ. ಬರೆದು ಮುಗಿಸಿ, ಕೆಳಗೆ ಗೆರೆ ಎಳೆದೆ.

ಆದರೆ ನಾಗವೇಣಿ ಆಗುವುದಿಲ್ಲ ಎಂದುಬಿಟ್ಟಳು.

೯

ಹೋದ ಶನಿವಾರ ಆಫೀಸಿನ ಕೆಲಸಕ್ಕೆಂದು ಪರ್ತ್‌ಗೆ ಬಂದಿದ್ದಳು. ಮನೆಗೆ ಊಟಕ್ಕೆ ಕರೆದೆ. ತಿಪ್ಪೇಸ್ವಾಮಿಯವರನ್ನೂ ಕರೆದೆ. ಇಬ್ಬರನ್ನೂ ಎದುರಿಗೆ ಕೂರಿಸಿ ಒಂದು ಅಂತ್ಯ ಬರೆಸಿಕೊಳ್ಳೋಣ ಎಂಬುದು ನನ್ನ ಒಳಗುಟ್ಟು.

‘ಗುಂಡಿ ಬೇಕಮ್ಮ’ ಎಂದರು ತಿಪ್ಪೇಸ್ವಾಮಿ, ಚಪಾತಿ ಮುರಿಯುತ್ತಾ. ‘ಆ ಹುಡುಗಿ ಕೂಗಿ ಮಾತಾಡಿದ್ಲು, ಅವರಿಗೆ ಕೇಳಿಸ್ತು. ಮೆಲ್ಲಗೆ ಮಾತಾಡೋಳು ಆಗಿದ್ರೆ? ಇಂಗ್ಲಿಷ್ ಬರದೇ ಇದ್ದಿದ್ರೆ? ಜನರ ಒಳ್ಳೇತನ ನಂಬ್ಕೊಂಡು ಡಿಸೈನ್ ಮಾಡಕ್ಕಾಗಲ್ಲ.’

‘ಸರ್, ಗುಂಡಿ ಇಟ್ರೆ ಮುಗೀತು. ಒತ್ತಿ ಫೋನ್ ನೋಡ್ತಾ ಕೂತ್ಕೋತಾರೆ. ಅಥವಾ ಬೇರೆ ಯಾರೋ ಒತ್ತಲಿ ಅಂತ ಕಾಯ್ತಾರೆ. ಅವತ್ತು ಆ ಅಜ್ಜ ಎದ್ದು ನಡೆದು ಹೋಗಿ ಪಕ್ಕದೋರನ್ನ ಮಾತಾಡಿಸಿದಾನೆ. ಅದನ್ನ ನಾನು ಹೇಗೆ ಬರೀಲಿ?’

‘ಬರೀಬೇಡ. ದಾರಿ ಬಿಡು ಸಾಕು. ಅಡ್ಡ ನಿಂತಿದ್ದು ನಿನ್ನ ಪ್ರೋಗ್ರಾಂ ತಾನೇ?’

ನಾಗವೇಣಿಗೆ ಅದು ತಾಗಿತು. ತಟ್ಟೆ ಪಕ್ಕಕ್ಕೆ ಸರಿಸಿದಳು. ‘ಹೌದು, ಅಡ್ಡ ನಿಂತಿತ್ತು. ಅದನ್ನ ತೆಗೀತೀನಿ. ಆದ್ರೆ ಗುಂಡಿ ಬೇರೆ ವಿಷ್ಯ ಸರ್.’

‘ಬೇರೆ ಹೇಗೆ? ಹೇಳು.’

ಅವಳು ಹೇಳತೊಡಗಿದಳು. ಅವರು ನಡುವೆಯೇ ಬಾಯಿ ಹಾಕಿದರು. ಅವಳು ಟಿಶ್ಯೂ ಮೇಲೆ ಎಂಟು ಚೌಕ ಬರೆದಳು, ಅವರು ಅದೇ ಪೆನ್ನು ಕಿತ್ತುಕೊಂಡು ಒಂಬತ್ತನೆಯದು ಬರೆದು ‘ಗುಂಡಿ’ ಎಂದರು. ಸಾರು ಆರಿತು. ಇಬ್ಬರೂ ಸರಿ ಎಂದು ನನಗೆ ಅನ್ನಿಸುತ್ತಿತ್ತು. ಒಬ್ಬರು ಬಾಯಿ ತೆರೆದಾಗಲೆಲ್ಲ ಇನ್ನೊಬ್ಬರು ತಪ್ಪು ಎಂದೂ. ಗಣಿಗಳಲ್ಲಿ ಅರ್ಧ ಆಯುಷ್ಯ ಕಳೆದ ಮನುಷ್ಯ, ಅವರ ಮಗಳಾಗಬಹುದಾದ ಹುಡುಗಿ, ಕಂಡೇ ಇರದ ಏಳು ಜನರಿಗಾಗಿ ನನ್ನ ಊಟದ ಮೇಜಿನಲ್ಲಿ ಹೀಗೆ ಕಾದಾಡುತ್ತಿದ್ದರು. ಇದಕ್ಕೆ ಏನು ಹೆಸರಿಡಲಿ ಎಂದು ಯೋಚಿಸಿದೆ. ಹೊಳೆಯಲಿಲ್ಲ.

(ಗಂಡ ನನ್ನ ಕಿವಿಯಲ್ಲಿ, ‘ಇವರು ಇವತ್ತು ಹೋಗ್ತಾರಾ?’ ಎಂದು ಕೇಳಿದರು.)

ನಾನು ಲ್ಯಾಪ್‌ಟಾಪ್ ತಂದು ಮೇಜಿನ ತುದಿಯಲ್ಲಿಟ್ಟು, ಕೆಮ್ಮಿ, ‘ನೋಡಿ, ನಾನು ಕಥೆ ಮುಗಿಸಬೇಕು. ಕೊನೆಗೆ ಏನಂತ ಬರೀಲಿ, ಅದನ್ನಾದ್ರೂ ಹೇಳಿ’ ಎಂದೆ.

ಇಬ್ಬರೂ ಒಟ್ಟಿಗೇ ನನ್ನತ್ತ ಕೈ ತೋರಿಸಿ, ನನ್ನ ಮುಖವನ್ನೂ ನೋಡದೆ, ‘ಇರಿ ಡಾಕ್ಟ್ರೇ’, ‘ಇರಿ ಮೇಡಂ’ ಎಂದರು.

ಇದ್ದೇನೆ.